ಟೇಪ್ ಹೋಯ್ತು, ಕಪಾಟು ಎಲ್ಲುಂಟು?

ಕೊಟ್ಟಾರದ ನನ್ನ ರೂಮಿನಿಂದ ಮಾತಾಡ್ತಾ ಇದ್ದೇನೆ. ಮಧ್ಯೆ ಹೈವೇ ಲಾರಿಗಳ ಹಾರ್ನ್ ಕೇಳಿದ್ರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಮೊದಲು ಒಂದು ಘಟನೆ. ಬಿಕಾಂ ಮುಗಿಸಿ ಒಂದು ಸಣ್ಣ ಚಾನೆಲ್‌ನಲ್ಲಿ ಎಡಿಟಿಂಗ್ ಕಲೀತಾ ಇದ್ದೆ. ಒಂದು ರಾತ್ರಿ ಮೂರು ಕ್ಯಾಮೆರಾ ಇಟ್ಟು ಇಡೀ ಬಯಲಾಟ ಶೂಟ್ ಮಾಡಿದೆವು. ಬೆಳಿಗ್ಗೆ ಕಾರ್ಡ್‌ಗಳನ್ನು ಒಂದು ಪೋರ್ಟೆಬಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಮುಂದಿನ ಶೂಟ್‌ಗೆ ಬೇಕಂತ ಫಾರ್ಮ್ಯಾಟ್ ಹೊಡೆದೆವು. ಮಧ್ಯಾಹ್ನ ಒಬ್ಬರ ಟೇಬಲ್‌ನಿಂದ ಇನ್ನೊಬ್ಬರ ಟೇಬಲ್‌ಗೆ ಕೊಡುವಾಗ ಡಿಸ್ಕ್ ಕೆಳಗೆ ಬಿತ್ತು. ಕಥೆ ಮುಗಿಯಿತು. ಆ ರಾತ್ರಿ ಪದ ಹೇಳಿದ ಹಿರಿಯ ಭಾಗವತರು ಈಗ ಇಲ್ಲ.

ಟೇಪ್ ಕಾಲದಲ್ಲಿ ಹೀಗೆ ಆಗ್ತಿರಲಿಲ್ಲವಾ? ಆಗಲೂ ತೊಂದರೆ ಇತ್ತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಟೇಪ್‌ಗೆ ಬೂಸ್ಟು ಹಿಡಿಯುತ್ತದೆ. ಆದರೆ ಸೋನಿಯ ಬೀಟಾಕ್ಯಾಮ್ 1982ರಲ್ಲಿ ಬಂದಾಗಿನಿಂದ ಎಷ್ಟೋ ಚಾನೆಲ್‌ಗಳಲ್ಲಿ ಒಂದು ಅಭ್ಯಾಸ ಇತ್ತು: ಎಡಿಟ್ ಮುಗಿದ ಮೇಲೂ ಮುಖ್ಯವಾದ ಮೂಲ ಕ್ಯಾಸೆಟ್ ಕಪಾಟಿನಲ್ಲಿ ಉಳಿಯುತ್ತಿತ್ತು. ಆಮೇಲೆ ಮೆಮರಿ ಕಾರ್ಡ್ ಬಂತು. 2011ರ ಮಾರ್ಚ್‌ನಲ್ಲಿ ಜಪಾನಿನ ಸುನಾಮಿ ಸೋನಿಯ ಟೇಪ್ ಕಾರ್ಖಾನೆಗೆ ನುಗ್ಗಿ ಜಗತ್ತಿನಲ್ಲೆಲ್ಲ ಎಚ್‌ಡಿ ಟೇಪ್‌ಗೆ ಬರ ಬಂದಾಗ, ಈ ಬದಲಾವಣೆ ಇನ್ನೂ ಜೋರಾಯಿತು. ಕಾರ್ಡ್ ದುಬಾರಿ, ಅದನ್ನು ನಾಳೆ ಅಳಿಸಲೇಬೇಕು. ಅಂದ್ರೆ ಕಾರ್ಡಿನಿಂದ ಎಲ್ಲಿಗೆ ಕಾಪಿ ಮಾಡ್ತೇವೋ, ಅದೇ ಈಗ ಮೂಲ.

ಲೆಕ್ಕ ಹಾಕುವ, ನಾನು ಕಾಮರ್ಸ್‌ನವ ಅಲ್ವಾ. ಟಿವಿ ಗುಣಮಟ್ಟದ ಎಚ್‌ಡಿ ವಿಡಿಯೊ ಸೆಕೆಂಡಿಗೆ 50 ಮೆಗಾಬಿಟ್ ಅಂತ ಇಟ್ಟುಕೊಳ್ಳಿ. ಒಂದು ಗಂಟೆಗೆ 22.5 ಜಿಬಿ. ಎಂಟು ಗಂಟೆ ಆಟ, ಮೂರು ಕ್ಯಾಮೆರಾ: 540 ಜಿಬಿ. ಇದನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಕಾಪಿ ಮಾಡಿದ್ರೂ ಒಂದೂವರೆ ಗಂಟೆ. ನಾಲ್ಕು ಎಡಿಟರ್‌ಗಳಿಗೆ ನಾಲ್ಕು ಕಾಪಿ ಅಂದ್ರೆ ಆರು ಗಂಟೆ. ಮತ್ತೆ ಕೊನೆಗೆ ಯಾರ ಡಿಸ್ಕ್‌ನಲ್ಲಿ ಹೊಸ ಆವೃತ್ತಿ ಉಂಟು ಅಂತ ಜಗಳ.

ಇದಕ್ಕೆ ಪರಿಹಾರ ಹಂಚಿಕೆಯ ಸ್ಟೋರೇಜ್. ಮೂಲೆಯಲ್ಲಿ ಒಂದು ಸರ್ವರ್, ಅದರಲ್ಲಿ ಸಾಲಾಗಿ ಡಿಸ್ಕ್‌ಗಳು. ಎಲ್ಲ ಎಡಿಟರ್‌ಗಳೂ ನೆಟ್‌ವರ್ಕ್ ಕೇಬಲ್ ಮೂಲಕ ಅಲ್ಲಿರುವ ಒಂದೇ ಫೈಲನ್ನು ತೆರೆಯುತ್ತಾರೆ, ಕಾಪಿ ಮಾಡುವುದೇ ಬೇಡ. ಮೂರು ಕ್ಯಾಮೆರಾದ ದೃಶ್ಯ ಒಟ್ಟಿಗೆ ಓಡಿಸಲು ಒಬ್ಬರಿಗೆ ಸೆಕೆಂಡಿಗೆ ಸುಮಾರು 19 ಎಂಬಿ ಬೇಕು, ನಾಲ್ವರಿಗೆ 75. ಸಾಮಾನ್ಯ ಗಿಗಾಬಿಟ್ ಕೇಬಲ್‌ನಲ್ಲಿ ಸಿಗುವುದು ನೂರರ ಆಸುಪಾಸು. ಅದಕ್ಕೇ ಸರ್ವರ್‌ನಿಂದ ಸ್ವಿಚ್‌ಗೆ 10 ಗಿಗಾಬಿಟ್ ಲೈನ್ ಹಾಕಿದ್ರೆ ಉಸಿರಾಡಲು ಜಾಗ ಇರ್ತದೆ. ಕುದ್ರೋಳಿಯ ದಸರಾ ಮೆರವಣಿಗೆಯಂಥ ನೇರಪ್ರಸಾರದಲ್ಲಿ ಇದರ ನಿಜವಾದ ಲಾಭ ಗೊತ್ತಾಗುವುದು. ಸರಿಯಾದ ವ್ಯವಸ್ಥೆ ಇದ್ರೆ, ಫೈಲ್ ಇನ್ನೂ ರೆಕಾರ್ಡ್ ಆಗ್ತಾ ಇರುವಾಗಲೇ ಮೊದಲ ಅರ್ಧ ಗಂಟೆಯನ್ನು ಇನ್ನೊಬ್ಬರು ಎಡಿಟ್ ಮಾಡಬಹುದು.

ಇಬ್ಬರೂ ಒಂದೇ ಪ್ರಾಜೆಕ್ಟ್ ತಿದ್ದಿದ್ರೆ? ಲೆಜರ್‌ನ ಒಂದು ಪುಟದಲ್ಲಿ ಇಬ್ಬರು ಒಟ್ಟಿಗೆ ಬರೆಯಬಾರದಲ್ವಾ, ಹಾಗೇ. ಒಬ್ಬರು ತಿದ್ದುವಾಗ ಸಾಫ್ಟ್‌ವೇರ್ ಬೀಗ ಹಾಕ್ತದೆ. ಉಳಿದವರು ನೋಡಬಹುದು, ಬರೆಯುವ ಹಾಗಿಲ್ಲ.

ಇನ್ನು ಡಿಸ್ಕ್ ಕೆಟ್ಟರೆ? 4 ಟಿಬಿಯ ಎಂಟು ಡಿಸ್ಕ್ ಹಾಕಿ, ರೇಯ್ಡ್ 6 ಅನ್ನುವ ಪದ್ಧತಿಯಲ್ಲಿ ಜೋಡಿಸಿದ್ರೆ ಬಳಸಲು ಸಿಗುವುದು 24 ಟಿಬಿ. ಉಳಿದ 8 ಟಿಬಿ ವಿಮೆಯ ಕಂತು ಇದ್ದ ಹಾಗೆ: ಎರಡು ಡಿಸ್ಕ್ ಒಟ್ಟಿಗೆ ಸತ್ತರೂ ವಿಡಿಯೊ ಉಳಿಯುತ್ತದೆ.

ಆದರೆ ಇಲ್ಲೇ ಹೆಚ್ಚಿನವರು ಎಡವುವುದು. ರೇಯ್ಡ್ ಅಂದ್ರೆ ಬ್ಯಾಕಪ್ ಅಲ್ಲ ಮಾರಾಯ್ರೆ! ಯಾರೋ ತಪ್ಪಿ ಡಿಲೀಟ್ ಒತ್ತಿದ್ರೆ ಎಂಟೂ ಡಿಸ್ಕ್‌ನಿಂದ ಒಟ್ಟಿಗೇ ಹೋಗ್ತದೆ. ಸಿಡಿಲು ಬಡಿದರೆ, ನೀರು ನುಗ್ಗಿದರೆ ಇಡೀ ಪೆಟ್ಟಿಗೆಯೇ ಹೋದೀತು. ಹಾಗಾಗಿ ಎರಡನೆಯ ಪ್ರತಿ ಬೇರೆ ಕಟ್ಟಡದಲ್ಲಿ ಇರಬೇಕು. ತಮಾಷೆ ಏನು ಗೊತ್ತುಂಟಾ? ದೊಡ್ಡ ಸಂಸ್ಥೆಗಳು ಇದಕ್ಕೆ ಇವತ್ತಿಗೂ ಬಳಸುವುದು ಟೇಪನ್ನೇ. ಎಲ್‌ಟಿಒ ಅಂತ ಹೆಸರು. ಅದರ ಎಂಟನೇ ತಲೆಮಾರಿನ ಒಂದು ಕ್ಯಾಸೆಟ್‌ನಲ್ಲಿ 12 ಟಿಬಿ, ಅಂದ್ರೆ ನಮ್ಮ ಲೆಕ್ಕದ 22 ರಾತ್ರಿಯ ಆಟ ಹಿಡಿಯುತ್ತದೆ.

ನಮ್ಮ ಊರಿನ ಚಾನೆಲ್‌ಗಳು ದಿನಾ ತುಳು, ಕೊಂಕಣಿ, ಕನ್ನಡದಲ್ಲಿ ಶೂಟ್ ಮಾಡ್ತಾ ಇರುವುದು ಬರೀ ಕಾರ್ಯಕ್ರಮ ಅಲ್ಲ, ಇಲ್ಲಿನ ದಾಖಲೆ. ಸ್ಟೋರೇಜ್ ತೆಗೆದುಕೊಳ್ಳುವಾಗ ಎಲ್ಲರೂ ಕೇಳುವುದು "ಎಷ್ಟು ಟಿಬಿ?" ಅಂತ. ಕೇಳಬೇಕಾದ್ದು ಇನ್ನೆರಡು ಉಂಟು: ಎಷ್ಟು ಪ್ರತಿ? ಅಳಿಸುವ ಅಧಿಕಾರ ಯಾರಿಗೆ? ಅವತ್ತು ನಮಗೆ ಬೇಕಾಗಿದ್ದದ್ದು ದೊಡ್ಡ ಸರ್ವರ್ ಅಲ್ಲ, ಇನ್ನೊಂದು ಪ್ರತಿ ಆಗುವವರೆಗೆ ಕಾರ್ಡ್ ಮುಟ್ಟಬಾರದು ಅನ್ನುವ ಒಂದೇ ನಿಯಮ.

ನಿಮ್ಮ ಫೋನ್‌ನಲ್ಲೂ ಅಜ್ಜಿ ಪಾಡ್ದನ ಹೇಳಿದ ವಿಡಿಯೊ ಒಂದು ಇರಬಹುದು. ಈ ಎಪಿಸೋಡ್ ಮುಗಿದ ಕೂಡಲೇ ಅದನ್ನು ಇನ್ನೊಂದು ಕಡೆ ಕಾಪಿ ಮಾಡಿ. ಮುಂದಿನ ವಾರ ಸಿಗುವ.