ಗ್ಯಾಸ್ ಗೀಸರ್ ಹಾಕಿಸ್ತಿದ್ದೀರಾ? ಹೊಗೆಗೂ ನೀರಿಗೂ ಹೊರಹೋಗುವ ದಾರಿ ಇದೆಯಾ ನೋಡಿ

ಚಳಿ ಶುರುವಾದರೆ ಸಾಕು, ಗ್ಯಾಸ್ ಗೀಸರ್‌ಗೆ ಬೇಡಿಕೆ ಏರುತ್ತದೆ. ಕರೆಂಟ್ ಇಲ್ಲದಿದ್ದರೂ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತೆ, ಬಿಲ್ಲಿನ ಚಿಂತೆಯೂ ಇಲ್ಲ. ಆದರೆ ಇದೇ ಚಳಿಗಾಲದಲ್ಲಿ 'ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ' ಎಂಬ ಸುದ್ದಿಯೂ ರಾಜ್ಯದ ಒಂದಲ್ಲ ಒಂದು ಕಡೆಯಿಂದ ಬರುತ್ತಲೇ ಇರುತ್ತದೆ. ಬಾಗಿಲು ಒಡೆದು ನೋಡಿದರೆ ಬೆಂಕಿ ಹತ್ತಿರುವುದಿಲ್ಲ, ಸಿಲಿಂಡರ್ ಸಿಡಿದಿರುವುದಿಲ್ಲ, ಗ್ಯಾಸ್ ವಾಸನೆ ಕೂಡ ಇರುವುದಿಲ್ಲ. ಹಾಗಾದರೆ ಆಗಿದ್ದೇನು?

ವಾಸನೆಯೇ ಇಲ್ಲದ ವಿಷ

ಗ್ಯಾಸ್ ಪೂರ್ತಿ ಉರಿಯಲು ಸಾಕಷ್ಟು ಗಾಳಿ ಬೇಕು. ಗಾಳಿ ಸಾಲದೇ ಹೋದರೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸೋರಿದರೆ ಗೊತ್ತಾಗಲಿ ಅಂತ ಎಲ್‌ಪಿಜಿಗೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಈ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕೈಕಾಲು ಸೋಲುತ್ತವೆ, ಚಿಲಕ ತೆಗೆಯೋಕೂ ಶಕ್ತಿ ಇರಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್ ದೊಡ್ಡ ಉರಿಯಲ್ಲಿ ಗಂಟೆಗೆ ಸುಮಾರು 1 ಕೆ.ಜಿ. ಗ್ಯಾಸ್ ಉರಿಸುತ್ತದೆ. ಅಷ್ಟು ಗ್ಯಾಸ್ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲುಮನೆಯಲ್ಲಿ ಇರುವುದೇ ಸುಮಾರು 8 ಘನ ಮೀಟರ್. ಕಿಟಕಿ ಮುಚ್ಚಿಕೊಂಡು ಕಾಲು ಗಂಟೆ ಸ್ನಾನ ಮಾಡಿದರೆ 3 ಘನ ಮೀಟರ್ ಗಾಳಿಯ ಆಮ್ಲಜನಕ ಖಾಲಿ. ಆಮ್ಲಜನಕ ಕಡಿಮೆಯಾದಷ್ಟೂ ವಿಷ ಹುಟ್ಟುವುದು ಜಾಸ್ತಿ.

ಗೀಸರ್ ಎಲ್ಲಿರಬೇಕು?

ಬಚ್ಚಲುಮನೆಯ ಹೊರಗೆ, ಗಾಳಿ ಆಡುವ ಗೋಡೆಯ ಮೇಲೆ, ಮಳೆ ಬೀಳದ ಹಾಗೆ ಸಜ್ಜಾದ ಕೆಳಗೆ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಮಾತ್ರ. ಹೊರಗೆ ಹಾಕಿದರೂ ಕಿಟಕಿ, ವೆಂಟಿಲೇಟರ್ ಪಕ್ಕ ಬೇಡ, ಹೊಗೆ ಮತ್ತೆ ಒಳಗೇ ಬರುತ್ತದೆ. ಗಾಜು ಹಾಕಿ ಮುಚ್ಚಿದ ಯುಟಿಲಿಟಿ ಕೂಡ ಹೊರಗಿನ ಜಾಗ ಅಲ್ಲ.

'ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ' ಎನ್ನುವವರಿದ್ದಾರೆ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲಲ್ಲ. ಹೊಸ ಗಾಳಿ ಒಳಬರಲು ಕೆಳಗೆ ಕಿಂಡಿ ಇಲ್ಲದಿದ್ದರೆ ಫ್ಯಾನ್ ಹೊಗೆಯನ್ನೇ ಕೋಣೆಯೊಳಕ್ಕೆ ಎಳೆಯಲೂಬಹುದು. ಈಗಾಗಲೇ ಒಳಗೇ ಹಾಕಿಸಿದ್ದರೆ, ಹೊರಗೆ ಬದಲಾಯಿಸುವ ತನಕ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗಿ. ಉರಿಯುವಾಗ ಒಳಗೆ ಯಾರೂ ಇರಬಾರದು.

ಸಿಲಿಂಡರ್ ನೆಟ್ಟಗೆ ನಿಂತಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಗುಂಡಿಯಲ್ಲಿ, ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ಸುರಕ್ಷಾ ಹೋಸ್ ಹಾಕಿಸಿ, 5 ವರ್ಷಕ್ಕೊಮ್ಮೆ ಬದಲಿಸಿ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ, ಕಡ್ಡಿ ಗೀರಿ ನೋಡುವ ಕೆಲಸ ಬೇಡವೇ ಬೇಡ. ಗೀಸರ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ.

ವಾಲ್ವ್ ತೊಟ್ಟಿಕ್ಕಿದರೆ ಮುಚ್ಚಬೇಡಿ

ಹಿಂದಿನ ಹಂಡೆಯ ಬಾಯಿ ತೆರೆದಿರುತ್ತಿತ್ತು, ನೀರು ಎಷ್ಟು ಕುದಿದರೂ ಹಬೆ ಹೊರಗೆ ಹೋಗುತ್ತಿತ್ತು. ಗೀಸರ್ ಹಾಗಲ್ಲ, ಎಲ್ಲ ಕಡೆ ಬಿಗಿ. ಗ್ಯಾಸ್ ಗೀಸರ್‌ನಲ್ಲಿ ನೀರು ನಿಂತ ಕೂಡಲೇ ಉರಿಯೂ ಆರಬೇಕು. ಒಳಗಿನ ಭಾಗ ಅಂಟಿಕೊಂಡು ಉರಿ ಆರದಿದ್ದರೆ ಕಾಯಿಲ್‌ನಲ್ಲಿ ಉಳಿದ ನೀರು ಕುದಿದು ಒತ್ತಡ ಏರುತ್ತದೆ. ಆಗ ಆ ಒತ್ತಡ ಬಿಡುಗಡೆ ಮಾಡಲೆಂದೇ ಇರುವುದು ರಿಲೀಫ್ ವಾಲ್ವ್. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ.

ಕರೆಂಟಿನ ಸ್ಟೋರೇಜ್ ಗೀಸರ್‌ಗೂ ಇದೇ ಮಾತು. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 400 ಮಿ.ಲೀ. ಹಿಗ್ಗುತ್ತದೆ. ಅದು ಹಿಂದಕ್ಕೆ ಹೋಗದಂತೆ ವಾಲ್ವ್ ತಡೆಯುವುದರಿಂದ ಕಾಯುವ ಹೊತ್ತಲ್ಲಿ ನಾಲ್ಕು ಹನಿ ತೊಟ್ಟಿಕ್ಕುವುದು ಸಹಜ. 'ಲೀಕ್ ಆಗ್ತಿದೆ' ಅಂತ ಎಂಡ್ ಪ್ಲಗ್ ಹಾಕಿಸಿದರೆ ಅಪಾಯ. ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಕೈಕೊಟ್ಟ ದಿನ ನೀರಿಗೆ ಹೋಗಲು ದಾರಿಯೇ ಇರಲ್ಲ. ಟ್ಯಾಂಕ್ ಬಿರಿದರೆ ಕುದಿನೀರು ಒಮ್ಮೆಲೇ ಹಬೆಯಾಗುತ್ತದೆ, ನೀರು ಹಬೆಯಾದಾಗ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಹಗಲು ರಾತ್ರಿ ತೊಟ್ಟಿಕ್ಕುತ್ತಿದ್ದರೆ ವಾಲ್ವ್‌ನಲ್ಲಿ ಕಸ ಸಿಕ್ಕಿರಬಹುದು ಅಥವಾ ನೀರಿನ ಒತ್ತಡ ಜಾಸ್ತಿ ಇರಬಹುದು. ವಾಲ್ವ್ ಬದಲಿಸಬೇಕೇ ಹೊರತು ಮುಚ್ಚುವುದಲ್ಲ.

ಸೇಫ್ಟಿ ವಾಲ್ವ್‌ಗೂ ಗೀಸರ್‌ಗೂ ನಡುವೆ ಗೇಟ್ ವಾಲ್ವ್ ಇರಬಾರದು. ವಾಲ್ವ್‌ನ ನೀರು ಕೆಳಮುಖವಾಗಿ, ಯಾರ ಮೈಮೇಲೂ ಬೀಳದ ಕಡೆಗೆ ಹೋಗಬೇಕು, ಪೈಪಿನ ತುದಿ ತೆರೆದಿರಬೇಕು. ಟ್ಯಾಂಕ್ 10 ಮೀಟರ್ ಎತ್ತರ ಇದ್ದರೆ ಒತ್ತಡ ಸುಮಾರು 1 ಬಾರ್. ಪ್ರೆಶರ್ ಪಂಪ್ ಹಾಕಿಸಿದ್ದರೆ ಇನ್ನೂ ಹೆಚ್ಚು. ಗೀಸರ್ ಮೇಲಿನ ಪ್ಲೇಟಿನಲ್ಲಿ ಎಷ್ಟು ಬಾರ್ ಅಂತ ಬರೆದಿರುತ್ತದೆ, ಮೊದಲು ಅದನ್ನು ಓದಿ. ಬೋರ್‌ವೆಲ್ ಗಡಸು ನೀರಾದರೆ ಸುಣ್ಣ ಕಟ್ಟಿ ವಾಲ್ವ್ ಜಾಮ್ ಆಗುತ್ತದೆ, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ.

ಅಂಗಡಿ, ಲಾಡ್ಜ್ ಇಟ್ಟವರಿಗೆ

ಲಾಡ್ಜ್, ಪಿಜಿ, ಸಲೂನ್‌ಗಳಲ್ಲಿ ಮನೆಯ 14.2 ಕೆ.ಜಿ. ಸಿಲಿಂಡರ್ ಬಳಸುವಂತಿಲ್ಲ, ವಾಣಿಜ್ಯ ಸಿಲಿಂಡರೇ ಬೇಕು. ನಿಮ್ಮ ಬಚ್ಚಲಿನಲ್ಲಿ ಗೀಸರ್ ಹೇಗಿದೆ ಎಂದು ಒಂದು ರಾತ್ರಿಗೆ ಬಂದ ಗಿರಾಕಿಗೆ ಗೊತ್ತಿರಲ್ಲ. ಅಲ್ಲಿ ಗೀಸರ್ ಒಳಗೆ ಇರಲೇಬಾರದು.

ಯಾರಾದರೂ ಕುಸಿದರೆ

ಕೂಗಿದರೂ ಉತ್ತರ ಬರದಿದ್ದರೆ ಕಾಯಬೇಡಿ. ಬಾಗಿಲು ತೆಗೆಸಿ, ಗ್ಯಾಸ್ ಆರಿಸಿ, ಅವರನ್ನು ತಕ್ಷಣ ಬಯಲಿಗೆ ತನ್ನಿ. ಕಾಪಾಡಲು ಹೋದವರೂ ಒಳಗೆ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ. ವೈದ್ಯರಿಗೆ 'ಗ್ಯಾಸ್ ಗೀಸರ್ ಉರೀತಿತ್ತು' ಅಂತ ಮೊದಲೇ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಎಲ್ಲ ಸರಿಯಿದೆ ಎಂದೇ ತೋರಿಸಬಹುದು. ಗ್ಯಾಸ್ ಸೋರಿಕೆಯಾದರೆ 1906ಕ್ಕೆ ಕರೆ ಮಾಡಿ.

ಪ್ಲಂಬರ್ ಕೆಲಸ ಮುಗಿಸಿ ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಿ: 'ಹೊಗೆ ಎಲ್ಲಿಂದ ಹೋಗುತ್ತೆ? ಒತ್ತಡ ಜಾಸ್ತಿಯಾದರೆ ನೀರು ಎಲ್ಲಿಂದ ಹೋಗುತ್ತೆ?' ಎರಡನ್ನೂ ಅವರು ಕೈಯಿಟ್ಟು ತೋರಿಸಿದ ಮೇಲೆಯೇ ಹಣ ಕೊಡಿ.