ಸೈಕಲ್ ಸವಾರಿ: ಆರೋಗ್ಯಕ್ಕೂ ಆನಂದಕ್ಕೂ



"ಸಕ್ಕರೆ ಕಾಯಿಲೆ ಬಂತು, ಇನ್ನು ಸೈಕಲ್ ತುಳಿಯಬಾರದಲ್ಲವೇ?" ಎಂದು ಕೇಳುವವರು ಅನೇಕರಿದ್ದಾರೆ. ವೈದ್ಯರು ಬೇಡವೆಂದು ಹೇಳದಿದ್ದರೆ ಧಾರಾಳವಾಗಿ ತುಳಿಯಬಹುದು. 2006-07ರಲ್ಲಿ ಸರ್ಕಾರವು ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭಿಸಿತು. ಅಂಥ ಹಳೆಯ ಸೈಕಲ್ಲೊಂದು ಮನೆಯ ಮೂಲೆಯಲ್ಲಿದ್ದರೆ ಗಾಳಿ ತುಂಬಿಸಿ, ಬ್ರೇಕ್ ಸರಿಪಡಿಸಿ ಹೊರತೆಗೆಯಿರಿ.

ಪ್ರಯೋಜನವೇನು?

ಸೈಕಲ್ ತುಳಿಯುವಾಗ ತೊಡೆಯ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಹೃದಯ ಬಲಗೊಳ್ಳುತ್ತದೆ, ರಕ್ತದೊತ್ತಡ ಹತೋಟಿಗೆ ಬರಲು ನೆರವಾಗುತ್ತದೆ. ದೇಹದ ಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಹೊರೆ ಕಡಿಮೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ತುಳಿದರೆ ಇದು ಪೂರ್ಣವಾಗುತ್ತದೆ. ಮೊದಲ ವಾರ ಹತ್ತು ನಿಮಿಷ ಸಾಕು.

ಪಂದ್ಯ ನೋಡಿ, ಪಂದ್ಯ ಕಟ್ಟಬೇಡಿ

ನಮ್ಮ ನಾಡಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಫ್ರಾನ್ಸ್ ದೇಶದಲ್ಲಿ 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಸವಾರರು ಸುಮಾರು ಮೂರು ವಾರಗಳಲ್ಲಿ 3,000 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸುತ್ತಾರೆ. ಇಂಥ ಪಂದ್ಯಗಳನ್ನು ಟಿ.ವಿ.ಯಲ್ಲಿ ನೋಡುವಾಗ ಒಂದನ್ನು ಗಮನಿಸಿ: ಅಷ್ಟು ಬಲಶಾಲಿಗಳೂ ಸದಾ ಮುಂದೆ ನುಗ್ಗುವುದಿಲ್ಲ. ಜೊತೆಗಾರನ ಹಿಂದೆ ಸಾಗಿ ಎದುರುಗಾಳಿಯಿಂದ ತಪ್ಪಿಸಿಕೊಂಡು ಶಕ್ತಿ ಉಳಿಸುತ್ತಾರೆ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸವಾರಿಯಲ್ಲಂತೂ ಬಹುಮಾನಕ್ಕಿಂತ ಬೆಟ್ಟದ ದಾರಿಯ ಸಂತೋಷಕ್ಕಾಗಿ ತುಳಿಯುವವರೇ ಹೆಚ್ಚು.

ರೋಗಿಯ ಮನೆಯವರೇ, ನೀವೂ ಜೊತೆಗೆ ಹೊರಡಿ. ನೀವು ಮುಂದೆ ನಿಧಾನವಾಗಿ ಸಾಗಿ, ಅವರು ಸಾಕಷ್ಟು ಅಂತರ ಬಿಟ್ಟು ಹಿಂದೆ ಬರಲಿ. ಜೊತೆಯಿದ್ದರೆ ಧೈರ್ಯ, ಮಾತಿದ್ದರೆ ದಾರಿ ಹಗುರ. ತುಳಿಯುತ್ತಾ ಮಾತನಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಮಾತು ತುಂಡಾದರೆ ನಿಧಾನಿಸಿ.

ಇವನ್ನು ಪಾಲಿಸಿ

1. ಪೆಡಲ್ ಕೆಳಗಿದ್ದಾಗ ಮಂಡಿ ತುಸು ಬಾಗಿರುವಷ್ಟು ಎತ್ತರಕ್ಕೆ ಸೀಟು ಇರಲಿ. ಸೀಟು ತಗ್ಗಾದರೆ ಮಂಡಿ ನೋಯುತ್ತದೆ.
2. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲಿ ಸಕ್ಕರೆ ಇರಲಿ. ಕೈ ನಡುಗಿ ಬೆವರಿದರೆ ಇಳಿದು ಮೂರು ಚಮಚ ಸಕ್ಕರೆ ತಿನ್ನಿ.
3. ಪಾದರಕ್ಷೆ ಧರಿಸಿ. ಮನೆಗೆ ಬಂದ ಮೇಲೆ ಪಾದದಲ್ಲಿ ಗಾಯವಿದೆಯೇ ನೋಡಿಕೊಳ್ಳಿ.
4. ಬೆಳಕಿರುವಾಗ ಮಾತ್ರ ಹೊರಡಿ. ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸು, ಲಾರಿಗಳ ದಾರಿಯಾದ್ದರಿಂದ ಎಡಬದಿ ಬಿಡಬೇಡಿ. ಹೆಲ್ಮೆಟ್ ಧರಿಸಿ. ತಾಳಬೆಟ್ಟದಿಂದ ಮುಂದಿನ ಘಾಟಿ ಹೊಸಬರಿಗಲ್ಲ.
5. ಎದೆನೋವು, ಎಡಗೈ ಅಥವಾ ದವಡೆಯಲ್ಲಿ ನೋವು, ತಲೆಸುತ್ತು, ಉಸಿರುಗಟ್ಟುವಿಕೆ ಕಂಡರೆ ತಕ್ಷಣ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಮನೆಗೆ ಹೋಗಿ ನೋಡೋಣವೆಂದು ತಡಮಾಡಬೇಡಿ.

ಹೃದಯಾಘಾತ ಅಥವಾ ಶಸ್ತ್ರಚಿಕಿತ್ಸೆ ಆದವರು, ಮೂರ್ಛೆರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಕಣ್ಣಿನ ತೊಂದರೆ ಇರುವವರು ವೈದ್ಯರ ಅನುಮತಿ ಪಡೆದೇ ಆರಂಭಿಸಬೇಕು. ಸೈಕಲ್ ತುಳಿದೆವೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ಕಾಯಕದಂತೆ ವ್ಯಾಯಾಮವೂ ನಿತ್ಯ ನಡೆದರೆ ಫಲ. ಬೇಸರದಿಂದ ಮಾಡಿದ್ದು ನಾಲ್ಕು ದಿನಕ್ಕೆ ನಿಲ್ಲುತ್ತದೆ, ಸಂತೋಷದಿಂದ ಮಾಡಿದ್ದು ಉಳಿಯುತ್ತದೆ. ಸರ್ವರಿಗೂ ಆರೋಗ್ಯ ಲಭಿಸಲಿ.