ಮೈದಾನಕ್ಕಿಳಿಯದೆ ತಂಡ ಕಟ್ಟುವ ಆಟ: ಏನಿದು ಫ್ಯಾಂಟಸಿ ಫುಟ್‌ಬಾಲ್?

ಬೆಳ್ತಂಗಡಿ: ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಭಾಗದ ಊರುಗಳಲ್ಲಿ ನಡೆಯುವ ಕ್ರಿಕೆಟ್ 'ಪ್ರೀಮಿಯರ್ ಲೀಗ್'ಗಳಲ್ಲಿ ಪಂದ್ಯಕ್ಕಿಂತ ಮೊದಲು ಆಟಗಾರರ ಹರಾಜು ನಡೆಯುವುದು ವಾಡಿಕೆ. ತಂಡದ ಮಾಲಕರಿಗೆಲ್ಲ ಸಮಾನ ಪಾಯಿಂಟ್. ಅದರೊಳಗೇ ತಂಡ ಕಟ್ಟಬೇಕು. ಒಬ್ಬ ಬ್ಯಾಟ್ಸ್‌ಮನ್‌ಗಾಗಿ ಇದ್ದುದೆಲ್ಲವನ್ನೂ ಸುರಿದವರಿಗೆ ಕೊನೆಗೆ ಒಳ್ಳೆಯ ಬೌಲರ್ ದಕ್ಕುವುದಿಲ್ಲ. ಈ ಲೆಕ್ಕಾಚಾರ ತಿಳಿದವರಿಗೆ ಫ್ಯಾಂಟಸಿ ಫುಟ್‌ಬಾಲ್ ಅರ್ಧ ಅರ್ಥವಾದಂತೆಯೇ. ವ್ಯತ್ಯಾಸವಿಷ್ಟೇ: ಇಲ್ಲಿ ಆಡುವವರು ದೂರದ ಇಂಗ್ಲೆಂಡಿನ ಮೈದಾನದಲ್ಲಿರುತ್ತಾರೆ, ಮಾಲಕ ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕುಳಿತಿರುತ್ತಾನೆ.

ಈ ಬಗೆಯ ಆಟಕ್ಕೆ ಬುನಾದಿ ಬಿದ್ದದ್ದು 1962ರಲ್ಲಿ, ಅಮೆರಿಕದಲ್ಲಿ. ಅದು ಅಮೆರಿಕನ್ ಫುಟ್‌ಬಾಲ್‌ಗೆ ಸಂಬಂಧಿಸಿದ್ದು. ನಮ್ಮ ಯುವಕರಿಗೆ ಹೆಚ್ಚು ಪರಿಚಿತವಾದದ್ದು ಇಂಗ್ಲಿಷ್ ಪ್ರೀಮಿಯರ್ ಲೀಗ್ 2002-03ರ ಋತುವಿನಲ್ಲಿ ಆರಂಭಿಸಿದ ಉಚಿತ ಆಟ.

ಅದರಲ್ಲಿ ಪ್ರತಿಯೊಬ್ಬರಿಗೂ 10 ಕೋಟಿ ಪೌಂಡ್ ಕಾಲ್ಪನಿಕ ಹಣ ದೊರೆಯುತ್ತದೆ. ಇದರಲ್ಲಿ 15 ಆಟಗಾರರನ್ನು 'ಖರೀದಿ'ಸಬೇಕು: ಗೋಲ್‌ಕೀಪರ್ 2, ರಕ್ಷಣಾ ಆಟಗಾರರು 5, ಮಿಡ್‌ಫೀಲ್ಡರ್‌ಗಳು 5, ಮುಂಚೂಣಿ ಆಟಗಾರರು 3. ಒಂದೇ ಕ್ಲಬ್‌ನಿಂದ ಮೂವರಿಗಿಂತ ಹೆಚ್ಚು ಮಂದಿಯನ್ನು ಆರಿಸುವಂತಿಲ್ಲ. 2025-26ರ ಋತುವಿನ ಆರಂಭದಲ್ಲಿ ಮೊಹಮ್ಮದ್ ಸಲಾಹ್ ಬೆಲೆ 145 ಲಕ್ಷ, ಎರ್ಲಿಂಗ್ ಹಾಲೆಂಡ್ ಬೆಲೆ 140 ಲಕ್ಷ ಪೌಂಡ್ ಇತ್ತು. ಇಬ್ಬರನ್ನೂ ಕೊಂಡವರಿಗೆ ಉಳಿದ 13 ಮಂದಿಗೆ ತಲಾ 55 ಲಕ್ಷವಷ್ಟೇ ಗತಿ. ಆಟದ ಸ್ವಾರಸ್ಯವಿರುವುದೇ ಈ ಇಕ್ಕಟ್ಟಿನಲ್ಲಿ.

ಪ್ರತಿ ಸುತ್ತಿಗೆ 11 ಮಂದಿಯನ್ನು ಕಣಕ್ಕಿಳಿಸಬೇಕು. ನಿಜವಾದ ಪಂದ್ಯದಲ್ಲಿ ಅವರು ತೋರಿದ ಆಟವೇ ಅಂಕವಾಗುತ್ತದೆ. 60 ನಿಮಿಷ ಆಡಿದರೆ 2 ಅಂಕ, ಗೋಲಿಗೆ ನೆರವಾದರೆ 3. ಮುಂಚೂಣಿ ಆಟಗಾರ ಗೋಲು ಹೊಡೆದರೆ 4, ಮಿಡ್‌ಫೀಲ್ಡರ್‌ಗೆ 5, ರಕ್ಷಣಾ ಆಟಗಾರನಿಗೆ 6. ತಂಡ ಗೋಲು ಬಿಟ್ಟುಕೊಡದಿದ್ದರೆ ರಕ್ಷಣಾ ಆಟಗಾರ ಮತ್ತು ಗೋಲ್‌ಕೀಪರ್‌ಗೆ 4. ಹಳದಿ ಕಾರ್ಡಿಗೆ 1 ಅಂಕ ಕಡಿತ, ಕೆಂಪು ಕಾರ್ಡಿಗೆ 3. ಉದಾಹರಣೆಗೆ, ಪೂರ್ಣ ಪಂದ್ಯವಾಡಿ ಒಂದು ಗೋಲು ಹೊಡೆದು, ಎದುರಾಳಿಗೆ ಗೋಲು ಬಿಡದೆ, ಹಳದಿ ಕಾರ್ಡ್ ಪಡೆದ ರಕ್ಷಣಾ ಆಟಗಾರನಿಗೆ 11 ಅಂಕ. ಎರಡು ಗೋಲು ಹೊಡೆದ ಮುಂಚೂಣಿ ಆಟಗಾರನಿಗೆ 10! ಬೋನಸ್ ಮೊದಲಾದವು ಬೇರೆ. ಮರುದಿನದ ಪತ್ರಿಕೆಯಲ್ಲಿ ಯಾರ ಚಿತ್ರ ಬರುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ನಾಯಕನೆಂದು ಆರಿಸಿದವನ ಅಂಕ ಇಮ್ಮಡಿಯಾಗುತ್ತದೆ. ವಾರಕ್ಕೊಂದು ಬದಲಾವಣೆ ಉಚಿತ, ಹೆಚ್ಚುವರಿ ಬದಲಾವಣೆಗೆ 4 ಅಂಕ ದಂಡ. ಸುತ್ತಿನ ಮೊದಲ ಪಂದ್ಯಕ್ಕೆ 90 ನಿಮಿಷವಿರುವಾಗ ಬಾಗಿಲು ಮುಚ್ಚುತ್ತದೆ. ಶುಕ್ರವಾರ ರಾತ್ರಿ ಅಲ್ಲಿ 8 ಗಂಟೆಗೆ ಪಂದ್ಯವಿದ್ದರೆ ಇಲ್ಲಿ ಬೇಸಗೆಯಲ್ಲಿ 11 ಗಂಟೆ, ಚಳಿಗಾಲದಲ್ಲಿ ನಡುರಾತ್ರಿ 12 ಗಂಟೆ ಅಂತಿಮ ಗಡುವು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಹಣ ಕಟ್ಟಿ ಆಡುವ ಫ್ಯಾಂಟಸಿಯ ಕಥೆ ಬೇರೆ. ರಾಜ್ಯ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಾಗ ಡ್ರೀಮ್11 ಸಂಸ್ಥೆ ಅದೇ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ತನ್ನ ಆಟ ಸ್ಥಗಿತಗೊಳಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕೌಶಲದ ಆಟವೂ ಅದೃಷ್ಟದ ಜೂಜೂ ಒಂದಲ್ಲ ಎಂಬುದು ಅಂದಿನ ವಾದದ ತಿರುಳು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಭೇದವನ್ನೇ ಕೈಬಿಟ್ಟಿತು. ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆನ್‌ಲೈನ್ ಆಟ ಯಾವುದಾದರೂ ಅದನ್ನು ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂ.ವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಆಡುವವರಿಗೆ ಶಿಕ್ಷೆಯಿಲ್ಲ. ಡ್ರೀಮ್11 ಆ ತಿಂಗಳೇ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿದಂತೆ ವಿವಿಧ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಪ್ರೀಮಿಯರ್ ಲೀಗ್‌ನ ಉಚಿತ ಆಟಕ್ಕೆ ಪ್ರವೇಶ ಶುಲ್ಕವಿಲ್ಲ, ಸೋತರೆ ಕಳೆದುಕೊಳ್ಳುವ ಹಣವೂ ಇಲ್ಲ. ಫ್ಯಾಂಟಸಿಯ ಹೆಸರಿನಲ್ಲಿ ಯುಪಿಐ ಮೂಲಕ ಮೊದಲು ಹಣ ಹಾಕಿ ಎನ್ನುವ ಆ್ಯಪ್ ಎದುರಾದರೆ ಅದು ಈ ಆಟವಲ್ಲ.